ಭೂದಾಖಲೆ: ಕಚೇರಿ ಹತ್ತಿರ ಬಂದರೂ ನ್ಯಾಯ ದೂರವೇಕೆ?

(ಬೆಂಗಳೂರಿನ ಆರ್.ಟಿ. ನಗರದಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಖಾತೆ, ಪಹಣಿಗಳೆಂದರೆ ಗಂಡಸರ ವಿಷಯ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಇಂದು ಈ ವಿಷಯವನ್ನು ಕೇಳಲು ಸಹೋದರಿಯರೂ ಬಂದಿರುವುದು ಸಂತೋಷದ ಸಂಗತಿ. ಮಾತಿನ ಒಂದು ದೊಡ್ಡ ಭಾಗ ಅವರಿಗೇ ಸಂಬಂಧಿಸಿದ್ದಾಗಿದೆ. ಅದಕ್ಕೆ ಮುಂಚೆ ಸರಕಾರದ ಕಡೆಯ ಲೆಕ್ಕವನ್ನು ಸ್ವಲ್ಪ ನೋಡೋಣ.

ಅಧಿಕಾರ ವಿಕೇಂದ್ರೀಕರಣ ಎಂಬುದು ನಮ್ಮ ರಾಜಕೀಯ ವೇದಿಕೆಗಳಲ್ಲಿ ಬಹಳ ಗೌರವದ ಪದ. ಅದನ್ನು ಬಹಿರಂಗವಾಗಿ ವಿರೋಧಿಸುವ ಪಕ್ಷವಿಲ್ಲ. ಆದರೆ ಥಣಿಸಂದ್ರದಲ್ಲೋ ಕಾವಲ್ ಭೈರಸಂದ್ರದಲ್ಲೋ ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡ ಕುಟುಂಬಕ್ಕೆ ಈ ಪದದ ಅರ್ಥವೇನು? ಅದನ್ನು ಅಳೆಯಲು ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ದಾಖಲೆಯಲ್ಲಿ ನಿಮ್ಮ ಹೆಸರನ್ನು ಬರೆಯುವವರು ಯಾರು? ತಪ್ಪಾಗಿ ಬರೆದರೆ ತಿದ್ದುವ ಅಧಿಕಾರ ಯಾರಿಗಿದೆ? ತಿದ್ದದಿದ್ದರೆ ನೀವು ಯಾರನ್ನು ನಿಲ್ಲಿಸಿ ಕೇಳಬಹುದು? ಕಳೆದ ಐವತ್ತು ವರ್ಷಗಳಲ್ಲಿ ಬರೆಯುವವರು ಕೆಲವೊಮ್ಮೆ ಹತ್ತಿರ ಬಂದಿದ್ದಾರೆ, ಕೆಲವೊಮ್ಮೆ ದೂರ ಹೋಗಿದ್ದಾರೆ. ತಿದ್ದುವವರು ಮಾತ್ರ ಒಂದೇ ಸಮನೆ ದೂರವಾಗುತ್ತಾ ಬಂದಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಮೈಸೂರಿನಲ್ಲಿ ಲೆಕ್ಕ ಇದ್ದದ್ದು ಶಾನುಭೋಗರ ಕೈಯಲ್ಲಿ. ಅದು ವಂಶಪಾರಂಪರ್ಯದ ಹುದ್ದೆ. ಊರಿನಲ್ಲೇ ಇದ್ದವರು, ಎಲ್ಲರ ಗಡಿಯನ್ನೂ ಬಲ್ಲವರು. ಆದರೆ ಬಡವನಿಗೆ ಅವರ ಜಗಲಿಯೇ ಕೊನೆಯ ನ್ಯಾಯಾಲಯವಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ಆ ವ್ಯವಸ್ಥೆ ಕೊನೆಗೊಂಡಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. (ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಹೆಸರು ದೊಡ್ಡದಾದ ವೇಗದಲ್ಲಿ ಅಧಿಕಾರ ದೊಡ್ಡದಾಗಲಿಲ್ಲ.) ಇಲ್ಲಿ ಒಂದು ಎಚ್ಚರ ಬೇಕು. ದಾಖಲೆ ಊರಿನಲ್ಲಿದ್ದ ಮಾತ್ರಕ್ಕೆ ಅದು ಜನರ ದಾಖಲೆಯಾಗುವುದಿಲ್ಲ. ಹತ್ತಿರದ ಅನ್ಯಾಯವೂ ಅನ್ಯಾಯವೇ.

ನಿಜವಾದ ವಿಕೇಂದ್ರೀಕರಣಕ್ಕೆ ಒಂದು ಉದಾಹರಣೆ ಬೇಕಿದ್ದರೆ ದೇವರಾಜ ಅರಸರ ಕಾಲದ ಭೂ ನ್ಯಾಯಮಂಡಳಿಗಳನ್ನು ನೋಡಬೇಕು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತಾಲೂಕು ಮಟ್ಟದಲ್ಲಿ ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ ಸ್ಥಳೀಯ ಸದಸ್ಯರನ್ನು ಸೇರಿಸಿ ಮಂಡಳಿಗಳು ರಚನೆಯಾದವು. ಗೇಣಿದಾರನು ಏಳನೇ ನಮೂನೆಯ ಅರ್ಜಿ ತುಂಬಿ ಅಲ್ಲಿಗೆ ಹೋಗಬಹುದಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಂದರೆ ದುಡ್ಡಿದ್ದವನ ನಾಲಗೆ ಉದ್ದವಾಗದಂತೆ ಕಾನೂನೇ ನೋಡಿಕೊಂಡಿತ್ತು. ಕರಾವಳಿಯ ಎಷ್ಟೋ ಗೇಣಿದಾರ ಕುಟುಂಬಗಳು ತಾವು ಉತ್ತ ಗದ್ದೆಗೆ ಒಡೆಯರಾದದ್ದು ಈ ಮಂಡಳಿಗಳ ಮೂಲಕ. ಅವುಗಳಲ್ಲಿ ಲೋಪಗಳಿದ್ದವು, ರಾಜಕೀಯವಿತ್ತು. ಆದರೂ ತಾಲೂಕಿನ ಆ ಮಂಡಳಿಗೆ ತೀರ್ಮಾನಿಸುವ ಅಧಿಕಾರವಿತ್ತು. ಅರ್ಜಿಯನ್ನು ಮೇಲಕ್ಕೆ ಕಳಿಸಿ ಕಾಯುವ ಕೆಲಸ ಅದರದ್ದಾಗಿರಲಿಲ್ಲ.

ಆ ಬಳಿಕ ಬಂದವರು ಅಬ್ದುಲ್ ನಝೀರ್ ಸಾಬ್. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು 1983ರ ಕಾಯ್ದೆಯ ಶಿಲ್ಪಿ. ಆ ಕಾಯ್ದೆಯ ಪ್ರಕಾರ 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ಸಂವಿಧಾನದ 73ನೇ ತಿದ್ದುಪಡಿಗಿಂತ ಐದಾರು ವರ್ಷ ಮೊದಲು. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿದ ಕಾರಣ ಜನರು ಅವರನ್ನು ನೀರ್ ಸಾಬ್ ಎಂದರು. 1988ರಲ್ಲಿ ಅವರು ತೀರಿಕೊಂಡರು. ನಮ್ಮ ಸಮುದಾಯದ ಮಕ್ಕಳಿಗೆ ಸಿನಿಮಾ ನಟರ, ಕ್ರಿಕೆಟ್ ಆಟಗಾರರ ಹೆಸರುಗಳು ಗೊತ್ತು. ಈ ಹೆಸರು ಎಷ್ಟು ಮಂದಿಗೆ ಗೊತ್ತಿದೆ?

ಆದರೆ ನಝೀರ್ ಸಾಬ್‌ರ ವ್ಯವಸ್ಥೆಯಲ್ಲಿಯೂ ಒಂದು ಕೋಣೆಗೆ ಬೀಗ ಬಿದ್ದೇ ಇತ್ತು. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯನ್ನಾಗಿ ಕೂರಿಸಿ, ಶಾಲೆ, ಆಸ್ಪತ್ರೆ, ನೀರು, ರಸ್ತೆಗಳನ್ನು ಚುನಾಯಿತರ ಕೈಗೆ ಕೊಡಲಾಯಿತು. ಭೂಕಂದಾಯ ಮಾತ್ರ ಜಿಲ್ಲಾಧಿಕಾರಿ, ಸಹಾಯಕ ಆಯುಕ್ತ, ತಹಶೀಲ್ದಾರರ ಸಾಲಿನಲ್ಲೇ ಉಳಿಯಿತು. 73ನೇ ತಿದ್ದುಪಡಿಯ ಹನ್ನೊಂದನೇ ಅನುಸೂಚಿಯಲ್ಲಿ ಭೂಸುಧಾರಣೆಯ ಅನುಷ್ಠಾನವು ಪಂಚಾಯತ್‌ಗೆ ಕೊಡಬಹುದಾದ ವಿಷಯಗಳಲ್ಲಿ ಸೇರಿದೆ. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆ ಮತ್ತು ಭೂಬಳಕೆಯ ನಿಯಂತ್ರಣಗಳು ಮೊದಲೆರಡು ವಿಷಯಗಳು. ಕಾಗದದಲ್ಲಿ ಎಲ್ಲವೂ ಇದೆ. ಆದರೆ ಮುಟೇಷನ್ನಿಗೆ ಸಹಿ ಹಾಕುವವನು ಗ್ರಾಮ ಸಭೆಗೆ ಉತ್ತರಿಸಬೇಕಿಲ್ಲ. ಬೆಂಗಳೂರಿನ ಬಡಾವಣೆ ಎಲ್ಲಿ ಆಗಬೇಕೆಂದು ತೀರ್ಮಾನಿಸುವ ಅಭಿವೃದ್ಧಿ ಪ್ರಾಧಿಕಾರ 1976ರ ಕಾಯ್ದೆಯ ಕೂಸು. ಅದು ವಾರ್ಡಿನ ಮತದಾರನಿಗೆ ಉತ್ತರಿಸಬೇಕಿಲ್ಲ.

ಇಷ್ಟರಲ್ಲಿ ಕಂಪ್ಯೂಟರ್ ಬಂತು. 2000ದ ಆಸುಪಾಸಿನಲ್ಲಿ ಕರ್ನಾಟಕದ ಭೂಮಿ ಯೋಜನೆ ದೇಶದಲ್ಲೇ ಹೆಸರಾಯಿತು. ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಬಳಿ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ಭೂಮಾಲಕರ ಸರಿಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಇದು ಸಣ್ಣ ಸಾಧನೆಯಲ್ಲ. ಒಂದು ಪಹಣಿ ಪ್ರತಿಗಾಗಿ ವಾರಗಟ್ಟಲೆ ಅಲೆದು, ಕೈ ಬೆಚ್ಚಗೆ ಮಾಡಿ ಬರುತ್ತಿದ್ದ ರೈತನಿಗೆ ಅದು ದೊಡ್ಡ ಉಪಕಾರ. ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನವೂ ಹಳೆಯ ಪದ್ಧತಿಗೆ ಹೋಲಿಸಿದರೆ ಲಂಚ ಕೊಟ್ಟವರ ಪ್ರಮಾಣ ಬಹಳಷ್ಟು ಕುಸಿದಿದೆ ಎಂದೇ ಹೇಳಿತು.

ಆದರೆ ನಡೆದದ್ದು ವಿಕೇಂದ್ರೀಕರಣವೇ? ಅಲ್ಲ. ದಾಖಲೆಯು ಊರಿನಿಂದ ತಾಲೂಕಿಗೆ ಏರಿತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರನ್ನು ಮುಂದಿಟ್ಟುಕೊಂಡು ಬರೆದ ಅಧ್ಯಯನದ ವಾದವೂ ಇದೇ ಆಗಿತ್ತು. ದಾಖಲೆ ಒಂದೆಡೆ ಸೇರಿದಾಗ ಸಣ್ಣ ರೈತನಿಗಿಂತ ಹೆಚ್ಚು ಅನುಕೂಲವಾಗುವುದು ನೂರಾರು ಎಕರೆಗಳನ್ನು ಒಟ್ಟಿಗೆ ಹುಡುಕುವ ದೊಡ್ಡ ಖರೀದಿದಾರನಿಗೆ ಎಂದು ಅವರು ಹೇಳಿದರು. ಇದನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಬಳಿಕ ಹೆಬ್ಬಾಳದಿಂದ ಆಚೆಗಿನ ಭೂಮಿಗೆ ಏನಾಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಯಲಹಂಕದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

2006ರಿಂದ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ಬಂದವು. ಸುಮಾರು ಎಂಟುನೂರು ಕೇಂದ್ರಗಳನ್ನು ಖಾಸಗಿಯವರು ನಡೆಸಿದರು. ಕೆಲವು ವರ್ಷಗಳಲ್ಲಿ ಸರಕಾರವೇ ಅವುಗಳನ್ನು ಹಿಂದಕ್ಕೆ ಪಡೆದು ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರವೆಂದು ತೆರೆಯಿತು. 2012ರಲ್ಲಿ ಸಕಾಲ ಬಂತು. ಇಷ್ಟು ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ಸ್ವೀಕೃತಿಯಲ್ಲಿ ಸಕಾಲದ ಸಂಖ್ಯೆ ಇರುತ್ತದೆ. ಎಷ್ಟು ಜನ ಅದನ್ನು ಉಳಿಸಿಕೊಂಡು ಪರಿಹಾರ ಕೇಳಿದ್ದಾರೆ? ಕೆಲಸವಾಗದಿದ್ದರೆ ಹೆಚ್ಚಿನವರು ಮಧ್ಯವರ್ತಿಯನ್ನು ಹುಡುಕುತ್ತಾರೆ, ಹಕ್ಕನ್ನಲ್ಲ.

ಒಟ್ಟಿನಲ್ಲಿ ಕೌಂಟರ್ ಹತ್ತಿರ ಬಂತು. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಇದು ಸಾಕಾಗಿತ್ತು. ಆದರೆ ಭೂಮಿಯ ಪ್ರಶ್ನೆ ಬೇರೆ. ಅಲ್ಲಿ ಪ್ರತಿ ಪಡೆಯುವುದು ಸುಲಭ, ತಪ್ಪನ್ನು ತಿದ್ದಿಸುವುದು ಕಷ್ಟ. ವಿಸ್ತೀರ್ಣದಲ್ಲಿ ಒಂದು ಗುಂಟೆ ತಪ್ಪಾಗಿದ್ದರೆ, ಅಜ್ಜನ ಹೆಸರು ಇಬ್ರಾಹೀಂ ಎಂಬಲ್ಲಿ ಇಬ್ರಾಮ್ ಸಾಬಿ ಎಂದಾಗಿದ್ದರೆ ಕೌಂಟರಿನಲ್ಲಿರುವ ಹುಡುಗನಿಂದ ಏನೂ ಆಗದು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ತಹಶೀಲ್ದಾರರಿಗೆ, ಬೇಕಿದ್ದರೆ ಸಹಾಯಕ ಆಯುಕ್ತರಿಗೆ ಹೋಗುತ್ತದೆ. ನಕ್ಷೆಗೆ ಸರ್ವೆ ಇಲಾಖೆ, ಕ್ರಯಪತ್ರಕ್ಕೆ ಉಪನೋಂದಣಿ ಕಚೇರಿ, ಖಾತೆಗೆ ಪಾಲಿಕೆ. ಮೂರು ಇಲಾಖೆಗಳು ಒಬ್ಬರ ಮುಖವನ್ನೊಬ್ಬರು ನೋಡದೆ ಒಂದೇ ಮನೆಯ ಮೂರು ಚರಿತ್ರೆಗಳನ್ನು ಬರೆಯುತ್ತವೆ.

ನಮ್ಮ ನೆರೆಯ ಕಾಸರಗೋಡಿಗೆ ಹೋದವರು ಬೇರೆಯೇ ಒಂದು ವ್ಯವಸ್ಥೆಯನ್ನು ನೋಡಿರುತ್ತೀರಿ. ಅಲ್ಲಿ ಗ್ರಾಮ ಕಚೇರಿ ಎಂಬುದೊಂದು ಕಟ್ಟಡವಿದೆ, ಗ್ರಾಮಾಧಿಕಾರಿ ಇದ್ದಾರೆ, ಸಿಬ್ಬಂದಿ ಇದ್ದಾರೆ. ಭೂಕಂದಾಯದ ರಶೀದಿಯಿಂದ ಸ್ವಾಧೀನ ಪತ್ರದವರೆಗೆ ಅಲ್ಲಿಂದಲೇ ಆರಂಭ. 2024ರ ಅಕ್ಟೋಬರ್‌ನಲ್ಲಿ ಕೇರಳವು ಕಂದಾಯ, ನೋಂದಣಿ, ಸರ್ವೆ ಈ ಮೂರನ್ನೂ ಜೋಡಿಸಿದ ಎಂಟೆ ಭೂಮಿ ಎಂಬ ತಾಣವನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡದ್ದು ನಮ್ಮ ಕನ್ನಡದ ನೆಲವಾದ ಉಜಾರು ಉಳುವಾರು ಗ್ರಾಮವನ್ನು. ಕೇರಳದಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಗ್ರಾಮದಲ್ಲಿ ಒಂದು ಕಚೇರಿ, ಅದಕ್ಕೊಬ್ಬ ಹೊಣೆಗಾರ ಅಧಿಕಾರಿ ಇರಬೇಕು ಎಂಬ ಸರಳ ವಿಷಯವನ್ನು ನಾವು ಯಾಕೆ ಕೇಳುವುದಿಲ್ಲ?

ಈಗ ನಮ್ಮ ಉತ್ತರ ಬೆಂಗಳೂರಿಗೆ ಬರೋಣ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತೊಂಬತ್ತರ ದಶಕದಲ್ಲಿ ಬ್ಯಾಟರಾಯನಪುರದ ಸುತ್ತ ಒಬ್ಬ ರೈತ ತನ್ನ ಜಮೀನನ್ನು ಪರಿವರ್ತನೆ ಮಾಡಿಸದೆಯೇ ನಿವೇಶನಗಳಾಗಿ ತುಂಡು ಮಾಡಿ ಮಾರಿದ. ಕೊಂಡವನು ಗ್ಯಾರೇಜಿನ ಮೆಕ್ಯಾನಿಕ್. ಕಂದಾಯ ನಿವೇಶನವಲ್ಲದೆ ಬೇರೇನನ್ನೂ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಗ್ರಾಮ ಪಂಚಾಯತ್ ಅವನಿಂದ ತೆರಿಗೆ ಪಡೆದು ರಶೀದಿ ಕೊಟ್ಟಿತು. ಆಮೇಲೆ ನಗರಸಭೆ ಬಂತು, ಅದೂ ತೆರಿಗೆ ಪಡೆಯಿತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿಗಳೂ ಸೇರಿದಂತೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚನೆಯಾಯಿತು. ಈ ಮನೆಯನ್ನು 'ಬಿ' ವಹಿಗೆ ಬರೆಯಲಾಯಿತು. ತೆರಿಗೆ ಪೂರ್ತಿ, ಮಾನ್ಯತೆ ಅರ್ಧ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂದಾಯಿತು. ಸುಮಾರು 22 ಲಕ್ಷ ಆಸ್ತಿಗಳ ಕರಡು ದಾಖಲೆ ತಾಣಕ್ಕೆ ಏರಿತು. 2025ರ ಸೆಪ್ಟೆಂಬರ್ 2ರಿಂದ ಐದು ಪಾಲಿಕೆಗಳಾದವು, ಯಲಹಂಕ, ಬ್ಯಾಟರಾಯನಪುರ, ಹೆಬ್ಬಾಳಗಳು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಬಂದವು. ಅದೇ ಅಕ್ಟೋಬರ್‌ನಲ್ಲಿ ಬಿ ಖಾತೆಯನ್ನು ಎ ಖಾತೆಯಾಗಿಸುವ ಯೋಜನೆ ಪ್ರಕಟವಾಯಿತು, ಆಗ ಶುಲ್ಕ ಮಾರ್ಗಸೂಚಿ ದರದ ಶೇಕಡಾ 5 ಆಗಿತ್ತು. ಮೂವತ್ತು ವರ್ಷಗಳಲ್ಲಿ ಆ ಮೆಕ್ಯಾನಿಕ್ ಒಂದಡಿಯೂ ಕದಲಲಿಲ್ಲ. ಅವನ ಮನೆಯ ಮೇಲಿನ ಸರಕಾರ ಮಾತ್ರ ಮೂರು ಬಾರಿ ಬದಲಾಯಿತು. ಪ್ರತಿ ಬದಲಾವಣೆಯಲ್ಲೂ ತಾನು ಇದ್ದೇನೆಂದು ಸಾಬೀತು ಪಡಿಸುವ ಹೊಣೆ ಅವನ ಮೇಲೆಯೇ ಬಿತ್ತು.

ಇದರ ಪರಿಣಾಮ ಖಾತೆಗೆ ಸೀಮಿತವಲ್ಲ. ಸೇವೆಗಳೆಲ್ಲವೂ ಈ ಕಾಗದಕ್ಕೆ ನೇತುಕೊಂಡಿವೆ. 2007ರಲ್ಲಿ ಸೇರಿದ 110 ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ ಅಲ್ಲಿನವರು ನಗರದ ತೆರಿಗೆ ಕೊಟ್ಟು ಟ್ಯಾಂಕರಿನ ನೀರು ಕುಡಿದರು. 2024ರ ಡಿಸೆಂಬರ್‌ನಲ್ಲಿ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ನಿಂತಿತು. ಮನೆ ಕಟ್ಟಿ ಮುಗಿಸಿದವರು ನಿರ್ಮಾಣ ಕಾಲದ ತಾತ್ಕಾಲಿಕ ಸಂಪರ್ಕದಲ್ಲೇ ದುಬಾರಿ ಬಿಲ್ಲು ಕಟ್ಟುತ್ತಾ ಉಳಿದರು. 2025ರ ಅಕ್ಟೋಬರ್‌ನಲ್ಲಿ 1,200 ಚದರ ಅಡಿವರೆಗಿನ ನಿವೇಶನದ ವಸತಿ ಕಟ್ಟಡಗಳಿಗೆ ರಾಜ್ಯ ಸಂಪುಟವು ವಿನಾಯಿತಿ ಕೊಟ್ಟಿತು. ಈ ಎಲ್ಲ ಕಾಲದಲ್ಲಿ ಜನರು ಯಾರ ಬಳಿ ಹೋಗಬೇಕಿತ್ತು? ತಮ್ಮ ಕಾರ್ಪೊರೇಟರ್ ಬಳಿ ತಾನೇ? ಕಾರ್ಪೊರೇಟರ್ ಇದ್ದರೆ ಅಲ್ಲವೇ! 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ ಮುಗಿಯಿತು. 2025ರಲ್ಲಿ ಬಿಬಿಎಂಪಿಯೇ ಮುಗಿಯುವವರೆಗೂ ಇನ್ನೊಂದು ಚುನಾವಣೆ ನಡೆಯಲಿಲ್ಲ. ಖಾತೆ, ನೀರು, ವಿದ್ಯುತ್ತಿನ ನಿಯಮಗಳು ಅತ್ಯಂತ ವೇಗವಾಗಿ ಬದಲಾದ ಐದು ವರ್ಷಗಳಲ್ಲಿ ನಗರಕ್ಕೆ ಒಬ್ಬನೇ ಒಬ್ಬ ವಾರ್ಡ್ ಪ್ರತಿನಿಧಿ ಇರಲಿಲ್ಲ.

ನೋಂದಣಿಯ ಕತೆಯೂ ಹೀಗೆಯೇ. 2024ರಲ್ಲಿ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಪತ್ರ ನೋಂದಾಯಿಸಬಹುದು ಎಂದಾಯಿತು. ಒಳ್ಳೆಯ ಕ್ರಮ. ಯಶವಂತಪುರದವರು ಒಂದೇ ಕಚೇರಿಯ ಸರದಿಯಲ್ಲಿ ಸಾಯಬೇಕಿಲ್ಲ. ಆದರೆ 2025ರ ಜನವರಿಯಲ್ಲಿ ಕಾವೇರಿ ತಂತ್ರಾಂಶದ ಮೇಲೆ ಸೈಬರ್ ದಾಳಿಯಾಗಿ ರಾಜ್ಯದ ಉಪನೋಂದಣಿ ಕಚೇರಿಗಳೆಲ್ಲ ಸ್ತಬ್ಧವಾದವು. ಕಿಟಕಿಗಳು ನೂರಾರು, ಬಾವಿ ಒಂದೇ. ಬಾವಿಗೆ ಕಲ್ಲು ಬಿದ್ದರೆ ಎಲ್ಲರ ಕೊಡವೂ ಖಾಲಿ.

ಭೂಮಿಯ ಬಗ್ಗೆ ದೂರದಲ್ಲಿ ಕುಳಿತು ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಅರ್ಕಾವತಿ ಬಡಾವಣೆಯೇ ಸಾಕ್ಷಿ. 2003ರ ಫೆಬ್ರವರಿಯಲ್ಲಿ ಈ ಭಾಗದ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ, 2004ರ ಫೆಬ್ರವರಿಯಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ. ಆಮೇಲೆ ಒಬ್ಬರ ಜಮೀನು ಬಿಟ್ಟದ್ದೇಕೆ, ಪಕ್ಕದವರದ್ದು ಹಿಡಿದದ್ದೇಕೆ ಎಂಬ ಜಗಳ. ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಷರತ್ತುಗಳೊಂದಿಗೆ ಇತ್ಯರ್ಥವಾದ ಮೇಲೂ ಡಿನೋಟಿಫಿಕೇಶನ್ ಆರೋಪಗಳು ಬಂದು 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ನೇಮಕವಾಯಿತು. ಭೂಮಿ ಕಳಕೊಂಡ ರೈತನೂ ದುಡ್ಡು ಕಟ್ಟಿದ ಮಧ್ಯಮ ವರ್ಗದವನೂ ವರ್ಷಗಟ್ಟಲೆ ಒಂದೇ ಮೆಟ್ಟಿಲು ಹತ್ತಿ ಇಳಿದರು. ಹಳ್ಳಿಗಳ ಸಭೆ ಕರೆದು ಕೇಳಿದ್ದರೆ ಯಾವ ಸರ್ವೆ ನಂಬರಿನಲ್ಲಿ ಮನೆಗಳಿವೆ, ಎಲ್ಲಿ ತೋಟವಿದೆ ಎಂದು ಮಕ್ಕಳೂ ಹೇಳುತ್ತಿದ್ದರು.

ಇನ್ನು ಕೋಗಿಲು. ಇದನ್ನು ಹೇಳದೆ ಯಲಹಂಕದ ಮಾತು ಮುಗಿಯದು. 2025ರ ಡಿಸೆಂಬರ್ 20ರ ಬೆಳಗ್ಗೆ, ಚಳಿಯಲ್ಲಿ, ಕೋಗಿಲು ಗ್ರಾಮದ ಫಕೀರ್ ಕಾಲನಿ ಮತ್ತು ವಸೀಂ ಲೇಔಟಿನ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ನೂರಾರು ಮಂದಿ ಬೀದಿಗೆ ಬಿದ್ದರು, ಹೆಚ್ಚಿನವರು ಮುಸ್ಲಿಮರು. ಅದು ಘನತ್ಯಾಜ್ಯ ನಿರ್ವಹಣೆಗೆ ಮೀಸಲಿಟ್ಟ ಸರಕಾರಿ ಜಾಗ, ಅತಿಕ್ರಮಣ ತೆರವುಗೊಳಿಸಿದ್ದೇವೆ ಎಂದು ಸರಕಾರ ಹೇಳಿತು. ವರ್ಷಗಳಿಂದ ಇಲ್ಲಿದ್ದೇವೆ, ಆಧಾರ್ ಇದೆ, ಮತದಾರರ ಚೀಟಿ ಇದೆ ಎಂದು ನಿವಾಸಿಗಳು ಹೇಳಿದರು. ಟೀಕೆ ರಾಜ್ಯದ ಗಡಿ ದಾಟಿದ ಬಳಿಕ, ಅರ್ಹರಿಗೆ ಬೈಯಪ್ಪನಹಳ್ಳಿಯಲ್ಲಿ ಮನೆ ಕೊಡುವ ಭರವಸೆ ಬಂತು.

ಸರಕಾರಿ ಭೂಮಿಯನ್ನು ಯಾರು ಬೇಕಾದರೂ ಆಕ್ರಮಿಸಬಹುದು ಎಂದು ನಾವು ವಾದಿಸುವುದಿಲ್ಲ. ಅನ್ಯರ ನೆಲವನ್ನು ಗೇಣಿನಷ್ಟು ಕಬಳಿಸುವುದರ ಬಗ್ಗೆಯೂ ಪ್ರವಾದಿ(ಸ)ಯವರು ಅತ್ಯಂತ ಕಠಿಣ ಎಚ್ಚರಿಕೆ ನೀಡಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಮತದ ಪಟ್ಟಿಗೆ ಹೆಸರು ಸೇರಿಸುವಾಗ ಅವರು ನಿವಾಸಿಗಳು, ಮನೆ ಒಡೆಯುವಾಗ ಅತಿಕ್ರಮಣಕಾರರು, ಇದು ಹೇಗೆ? ಒಂದೇ ಸರಕಾರದ ಒಂದು ಕೈ ದಾಖಲೆ ಬರೆಯುತ್ತಿರುವಾಗ ಇನ್ನೊಂದು ಕೈ ಎಲ್ಲಿತ್ತು? ಅಲ್ಲಿ ನಿವೇಶನವೆಂದು ಹೇಳಿ ಬಡವರಿಂದ ದುಡ್ಡು ಪಡೆದವರಿದ್ದರೆ ಅವರ ಮೇಲೆ ಯಾವ ಬುಲ್ಡೋಜರ್ ಹರಿಯಿತು? ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿಯೂ, ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆಯು 2011ರಲ್ಲಿ ಕೊಟ್ಟ ವರದಿಯೂ ಬೆಂಗಳೂರಿನ ಸರಕಾರಿ ಭೂಮಿಯನ್ನು ನುಂಗಿದ ಪ್ರಭಾವಿಗಳ ಬಗ್ಗೆ ಪುಟಗಟ್ಟಲೆ ಹೇಳಿವೆ. ಆ ಪುಟಗಳಿಗೆ ಬೆಳಗಿನ ಜಾವದ ಅವಸರ ಯಾಕೆ ಬರಲಿಲ್ಲ? ಭೂಕಂದಾಯ ಕಾಯ್ದೆಯಲ್ಲಿ ಸರಕಾರಿ ಜಾಗದ ಮನೆಗಳನ್ನು ಸಕ್ರಮಗೊಳಿಸುವುದಕ್ಕೆ ಹಳ್ಳಿಗಳಿಗೆ 94ಸಿ, ನಗರಗಳಿಗೆ 94ಸಿಸಿ ಎಂಬ ಕಲಂಗಳಿವೆ. ಅವುಗಳಿಗೆ ಷರತ್ತುಗಳಿವೆ, ಎಲ್ಲರಿಗೂ ಅನ್ವಯಿಸವು. ಆದರೆ ಇವರಿಗೆ ಅನ್ವಯಿಸುತ್ತದೆಯೇ ಎಂದು ಮನೆ ಒಡೆಯುವ ಮೊದಲು ಕುಳಿತು ನೋಡುವ ಒಂದು ಸ್ಥಳೀಯ ಮಂಡಳಿ, 1974ರಲ್ಲಿ ಗೇಣಿದಾರನಿಗೆ ಇದ್ದಂಥದ್ದು, ಇವರಿಗೆ ಇರಲಿಲ್ಲ.

ಇಷ್ಟು ಸರಕಾರದ ಮಾತು. ಈಗ ಮನೆಯ ಮಾತು.

ಕಂದಾಯ ಕಚೇರಿಯ ಭಾಷೆಯನ್ನು ಗಮನಿಸಿದ್ದೀರಾ? ತಹಶೀಲ್ದಾರ್, ತಾಲೂಕು, ಜಮಾಬಂದಿ, ಖರಾಬು, ಇನಾಮು, ಶಿರಸ್ತೇದಾರ. ಅರಬಿ, ಪಾರ್ಸಿಯ ಈ ಪದಗಳು ಶತಮಾನಗಳ ಹಿಂದೆಯೇ ಕನ್ನಡದ್ದಾದವು. ಹಝ್ರತ್ ಉಮರ್(ರ) ತಮ್ಮ ಆಡಳಿತದಲ್ಲಿ ಇರಾಕಿನ ಸವಾದ್ ಪ್ರದೇಶವನ್ನು ಅಳೆಯಲು ಉಸ್ಮಾನ್ ಬಿನ್ ಹುನೈಫ್(ರ)ರನ್ನು ಕಳಿಸಿದರು. ಶೇರ್ ಶಾಹ್ ರೈತನಿಗೆ ಪಟ್ಟಾ ಕೊಟ್ಟು ಕಬೂಲಿಯತ್ ಬರೆಸಿದ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ. ಇಂಥ ಪರಂಪರೆಯ ಸಮುದಾಯದ ಮನೆಗಳಲ್ಲಿ ತೀರಿಹೋಗಿ ಮೂವತ್ತು ವರ್ಷವಾದ ಅಜ್ಜನ ಹೆಸರಿನಲ್ಲೇ ಖಾತೆ ಇರುವುದನ್ನು ಏನೆನ್ನಬೇಕು?

ಪೌತಿ ಖಾತೆ ಮಾಡಿಸದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕಹಿಯಾದರೂ ಹೇಳಬೇಕು. ಪೌತಿ ಖಾತೆಗೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತದೆ. ಹೆಸರು ಬಂದರೆ ಪಾಲು ಕೊಡಬೇಕಾಗುತ್ತದೆ. ಆದ್ದರಿಂದ ಕೆಲವು ಮನೆಗಳಲ್ಲಿ ಖಾತೆಯನ್ನು ಮುಟ್ಟುವುದೇ ಇಲ್ಲ. ಇನ್ನು ಕೆಲವರು ವಂಶವೃಕ್ಷದಿಂದಲೇ ಸಹೋದರಿಯರನ್ನು ಬಿಡುತ್ತಾರೆ. ಬದುಕಿರುವ ತಂಗಿಯನ್ನು ಅಫಿದವಿತ್‌ನಲ್ಲಿ ಇಲ್ಲವಾಗಿಸುವವನು ಮುಂದಿನ ಸಾಲಿನಲ್ಲಿ ನಿಂತು ನಮಾಝ್ ಮಾಡುತ್ತಾನೆ! ಅನ್ನಿಸಾ ಅಧ್ಯಾಯದಲ್ಲಿ ಪಾಲುಗಳನ್ನು ನಿಗದಿಪಡಿಸಿರುವುದು ಅಲ್ಲಾಹನು. ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಆದ್ದರಿಂದ ಪಾಲು ಮುಗಿಯಿತು ಎಂಬ ವಾದಕ್ಕೆ ಶರೀಅತ್‌ನಲ್ಲಿ ಸ್ಥಾನವಿಲ್ಲ. ಅಣ್ಣಂದಿರ ಪ್ರೀತಿ ತಪ್ಪಿಹೋದೀತೆಂದು ಹೆದರಿ ತಂಗಿ ಹಾಕುವ ಹಕ್ಕು ಬಿಡುಗಡೆಯ ಸಹಿಯೂ ಮನಸ್ಸಿನ ಒಪ್ಪಿಗೆಯಲ್ಲ. ವೈಯಕ್ತಿಕ ಕಾನೂನಿಗೆ ಯಾರೋ ಕೈ ಹಾಕಿದಾಗ ಬೀದಿಗಿಳಿಯುವ ನಾವು, ಅದೇ ಕಾನೂನು ನಾಡಕಚೇರಿಯ ಮೇಜಿನ ಮೇಲೆ ನಮ್ಮವರಿಂದಲೇ ಹರಿದುಹೋಗುವಾಗ ಮೌನವಾಗಿರುವುದು ಸರಿಯೇ?

ಇದರಲ್ಲಿ ಲೋಕದ ನಷ್ಟವೂ ಇದೆ. ಇ-ಖಾತೆಯ ಪರದೆಗೆ ಬಾಯಿಮಾತಿನ ಪಾಲುಪಟ್ಟಿ ಅರ್ಥವಾಗದು. ಮುಸ್ಲಿಮರ ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ ಎಂಬ ವಿನಾಯಿತಿ ಆಸ್ತಿ ವರ್ಗಾವಣೆ ಕಾಯ್ದೆಯ 129ನೇ ಕಲಂನಲ್ಲಿದೆ, ನಿಜ. ಆದರೆ ನೋಂದಣಿಯಾಗದ ಹಿಬಾವನ್ನು ಹಿಡಿದು ಖಾತೆ ಬದಲಾಯಿಸಲು ಹೋದವನು ನ್ಯಾಯಾಲಯದ ದಾರಿಯನ್ನೇ ಹಿಡಿಯಬೇಕಾಗುತ್ತದೆ. ವಿನಾಯಿತಿ ಇದ್ದರೂ ನೋಂದಾಯಿಸುವುದೇ ಜಾಣತನ. ಎರಡು ತಲೆಮಾರು ಸುಮ್ಮನಿದ್ದು ಮೂರನೆಯದರಲ್ಲಿ ಖಾತೆಗೆ ಹೊರಟರೆ ವಾರೀಸುದಾರರು ಮೂವತ್ತು-ನಲ್ವತ್ತು ಮಂದಿಯಾಗಿರುತ್ತಾರೆ. ಒಬ್ಬ ದಮ್ಮಾಮಿನಲ್ಲಿ, ಒಬ್ಬಾಕೆ ಕೋಲಾರದಲ್ಲಿ, ಒಬ್ಬನ ವಿಳಾಸವೇ ಇಲ್ಲ.

ವಕ್ಫ್ ಬಗ್ಗೆ ಒಂದೇ ಮಾತು. 2025ರ ತಿದ್ದುಪಡಿ ಕಾಯ್ದೆಯ ಬಳಿಕ ಜೂನ್ 6ರಂದು ಉಮೀದ್ ತಾಣ ತೆರೆಯಿತು, ದಾಖಲೆಗಳನ್ನು ಏರಿಸಲು ಆರು ತಿಂಗಳ ಗಡುವು ಬಂತು. ದಿಲ್ಲಿಯ ಒಂದು ತಾಣಕ್ಕೆ ದೇಶದ ಪ್ರತಿಯೊಂದು ದಫನ ಭೂಮಿಯೂ ತನ್ನನ್ನು ವಿವರಿಸಬೇಕಾಯಿತು. ಆ ಕಾಯ್ದೆಯ ಉದ್ದೇಶದ ಬಗ್ಗೆ ಈ ಪತ್ರಿಕೆ ಸಾಕಷ್ಟು ಬರೆದಿದೆ. ಆದರೆ ಮಸೀದಿಯ ಕಮಿಟಿಯೊಂದು ತನ್ನ ಕಬರಸ್ತಾನದ ಸರ್ವೆ ನಂಬರು ಯಾವುದೆಂದು ಕೊನೆಯ ವಾರದಲ್ಲಿ ಹುಡುಕುವುದಕ್ಕೆ ದಿಲ್ಲಿಯನ್ನು ದೂರಲಾಗದು.

ಏನು ಮಾಡಬಹುದು? ಸರಕಾರದಿಂದ ಕೇಳಬೇಕಾದದ್ದು ಸ್ಪಷ್ಟವಿದೆ. ಖಾತೆಯ ಹೆಸರು, ಅಳತೆಗಳ ಸಣ್ಣ ತಿದ್ದುಪಡಿಯ ಅಧಿಕಾರ ವಾರ್ಡ್ ಮಟ್ಟದ ಅಧಿಕಾರಿಗೆ ಬರಲಿ, ಅವನು ವಾರ್ಡ್ ಸಮಿತಿಯ ಮುಂದೆ ಉತ್ತರಿಸಲಿ. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕೆಂದು ಸಂವಿಧಾನ ಹೇಳಿದೆ. ನಮ್ಮಲ್ಲಿ ಓದಿದ ಯುವಕ ಯುವತಿಯರು ಅದಕ್ಕೆ ಅರ್ಜಿ ಹಾಕಲಿ. ತೆರವಿಗೆ ಮೊದಲು ಸ್ಥಳೀಯ ವಿಚಾರಣೆ ನಡೆಯಲೇಬೇಕೆಂಬ ಬೇಡಿಕೆಯನ್ನು ಕೋಗಿಲಿಗಾಗಿ ಮಾತ್ರವಲ್ಲ, ಯಾವ ಜಾತಿಯವರ ಗುಡಿಸಲಿಗಾದರೂ ನಾವು ಎತ್ತಬೇಕು.

ನಮ್ಮಿಂದಲೇ ಆಗಬೇಕಾದ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರತಿ ಮಸೀದಿಯ ಕಮಿಟಿ ತಿಂಗಳಿಗೊಂದು ಭಾನುವಾರ ಮದ್ರಸದ ಕೋಣೆಯಲ್ಲಿ ಒಂದು ಕಂಪ್ಯೂಟರ್, ಇಬ್ಬರು ಹುಡುಗರು, ಒಬ್ಬ ನಿವೃತ್ತ ಕಂದಾಯ ನೌಕರ ಅಥವಾ ವಕೀಲರನ್ನು ಕೂರಿಸಲಿ. ಮಹಿಳೆಯರಿಗೆ ಪ್ರತ್ಯೇಕ ಸಮಯವಿರಲಿ, ಅವರ ಅರ್ಜಿಯನ್ನು ಮಹಿಳೆಯರೇ ಬರೆಯಲಿ. ಬರುವವರು ಕ್ರಯಪತ್ರ, ಇತ್ತೀಚಿನ ತೆರಿಗೆ ರಶೀದಿ, ಋಣಭಾರ ಪತ್ರ, ಆಧಾರ್, ವಿದ್ಯುತ್ ಬಿಲ್ಲು, ಮನೆಯ ಫೋಟೊ ತರಲಿ. ಮೊದಲು ಕರಡು ಇ-ಖಾತೆಯಲ್ಲಿ ಹೆಸರು ಮತ್ತು ಅಳತೆ ಸರಿಯಿದೆಯೇ ಎಂದು ನೋಡಿ, ತಪ್ಪಿದ್ದರೆ ಅಂದೇ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಮಾಲಕರು ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಬೇಕು, ಜೊತೆಗೆ ವಂಶವೃಕ್ಷದ ಅರ್ಜಿ. ಆ ಅರ್ಜಿಯನ್ನು ತುಂಬುವ ಹುಡುಗನಿಗೆ ಕಮಿಟಿ ಒಂದೇ ಒಂದು ಸೂಚನೆ ಕೊಡಲಿ: ಗಂಡುಮಕ್ಕಳ ಹೆಸರು ಬರೆಯುವ ಮೊದಲು, ಈ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಕೇಳಬೇಕು.